ಸೆನ್ಸರ್ ಆಮೇಲೆ ಹಾಕೋಣ, ಮೊದಲು ಟ್ಯಾಂಕಿನ ಸ್ಟ್ಯಾಂಡ್ ನೋಡಿ

ರಜಾದಿನ ಬಿಟ್ಟುಕೊಟ್ಟು ಸಮುದಾಯ ತೋಟಗಳಲ್ಲಿ, ಪಾರ್ಕುಗಳಲ್ಲಿ ಬಿಟ್ಟಿ ದುಡಿಯುವ ಇಂಜಿನಿಯರುಗಳ ಬಗ್ಗೆ ನನಗೆ ನಿಜಕ್ಕೂ ಗೌರವ ಇದೆ. ಅದಕ್ಕೇ ಸ್ವಲ್ಪ ಜಗಳ ಆಡೋಣ ಅಂತ. ಇವರಲ್ಲಿ ಎಷ್ಟೋ ಜನ ಮೊದಲು ಕೈಹಾಕುವುದು ಮಣ್ಣಿನ ತೇವ ಅಳೆಯುವ ಸೆನ್ಸರಿಗೆ, ಅದು ಮೊಬೈಲಿಗೆ ಕಳಿಸುವ ಮೆಸೇಜಿಗೆ. ಯಾಕೆ ಸ್ವಾಮಿ? ಗಿಡಕ್ಕೆ ನೀರು ಬೇಕಾ ಅಂತ ದಿನಾ ತೋಟದಲ್ಲಿ ಓಡಾಡುವವರು ಮಣ್ಣಿಗೆ ಬೆರಳು ಚುಚ್ಚಿ ಹೇಳುತ್ತಾರೆ. ಅವರಿಗೆ ತಿಳಿಯದ್ದು ಬೇರೆಯೇ ಇದೆ.

ಚಾವಣಿಯ ಮಳೆನೀರನ್ನು ಟ್ಯಾಂಕಿಗೆ ಹಿಡಿಯುವುದನ್ನೇ ತಗೊಳ್ಳಿ. ಒಂದು ಚದರ ಮೀಟರ್ ಚಾವಣಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 100 ಚದರ ಮೀಟರಿಗೆ 10 ಮಿ.ಮೀ. ಸುರಿದರೆ 1,000 ಲೀಟರ್. ಚೆಲ್ಲಿದ್ದು, ಆರಿಹೋದದ್ದು ಕಳೆದರೂ ಮುಕ್ಕಾಲು ಪಾಲಾದರೂ ಕೈಗೆ ಸಿಗುತ್ತದೆ. ಈ ಲೆಕ್ಕ ಯಾರು ಬೇಕಾದರೂ ಹಾಕಬಹುದು. ಆದರೆ ಆ ಸಾವಿರ ಲೀಟರ್ ಒಂದು ಟನ್ ತೂಗುತ್ತದೆ! ಎಲ್ಲಿಂದಲೋ ತಂದ ಕಬ್ಬಿಣದ ಸ್ಟ್ಯಾಂಡ್ ಅದನ್ನು ತಡೆಯುತ್ತದಾ, ಮಣ್ಣು ನೆನೆದಾಗ ಒಂದು ಕಾಲು ಹೂತು ಟ್ಯಾಂಕು ವಾಲುತ್ತದಾ? ಮಕ್ಕಳು ಆಡುವ ಜಾಗ ಅದು. ಇದನ್ನು ಕಲಿತವರೇ ನೋಡಿ ಹೇಳಬೇಕು.

ಇನ್ನು ಒತ್ತಡ. ಟ್ಯಾಂಕನ್ನು 2 ಮೀಟರ್ ಎತ್ತರಕ್ಕೆ ಏರಿಸಿದರೆ ಸಿಗುವುದು ಸುಮಾರು 0.2 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಹನಿ ನೀರಾವರಿಯಲ್ಲಿ ಗಿಡದ ಬುಡಕ್ಕೆ ನೀರು ತೊಟ್ಟಿಕ್ಕಿಸುವ ಎಷ್ಟೋ ಡ್ರಿಪ್ಪರುಗಳು ಸರಿಯಾಗಿ ಕೆಲಸ ಮಾಡಲು ಹೆಚ್ಚುಕಡಿಮೆ 1 ಬಾರ್ ಬೇಕು. ಇದನ್ನು ನೋಡದೆ ಪೈಪು ಎಳೆದರೆ ಟ್ಯಾಂಕಿನ ಪಕ್ಕದ ಸಾಲು ಕೆಸರು, ಕೊನೆಯ ಸಾಲು ಒಣಕಲು. ಬೈಗುಳ ಮಾತ್ರ ಬೀಜ ಕೊಟ್ಟವರಿಗೆ.

ತಾರಸಿ ತೋಟದ ವಿಷಯದಲ್ಲಂತೂ ಇಂಜಿನಿಯರು ನಿಷ್ಠುರವಾಗಿಯೇ ಇರಬೇಕು. ಒಂದಡಿ ದಪ್ಪದ ಹಸಿ ಮಣ್ಣು ಅಂದರೆ ಚದರ ಮೀಟರಿಗೆ ಸುಮಾರು ಅರ್ಧ ಟನ್. ಸಾಮಾನ್ಯ ಮನೆಯ ತಾರಸಿ ಕಟ್ಟುವಾಗ ಇಷ್ಟು ಭಾರದ ಲೆಕ್ಕ ಇಟ್ಟುಕೊಂಡಿರುವುದಿಲ್ಲ. ಎಲ್ಲರೂ ಹುರುಪಿನಲ್ಲಿರುವಾಗ "ಇಲ್ಲಿ ಬೇಡ" ಅಂದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಇಳಿಜಾರು ದಾರಿ, ಗಿಡ ನೆಡುವ ಮಡಿಯ ಅಗಲ ಇವೆಲ್ಲ ಫೋಟೋದಲ್ಲಿ ಚೆನ್ನಾಗಿ ಕಾಣುವ ಕೆಲಸಗಳಲ್ಲ. ಆದರೆ ವೀಲ್‌ಚೇರಿನವರು ಒಳಗೆ ಬರಬೇಕಾದರೆ ಒಂದಡಿ ಏರಿಗೆ 12 ಅಡಿ ಉದ್ದದ ದಾರಿ ಬೇಕು. ಮಡಿ 4 ಅಡಿಗಿಂತ ಅಗಲವಾದರೆ ನಡುವಿನ ಕಳೆ ಯಾವ ಕಡೆಯಿಂದಲೂ ಕೈಗೆ ಎಟಕುವುದಿಲ್ಲ. ಜನ ಮಡಿಯ ಮೇಲೇ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ.

ನನ್ನ ದೊಡ್ಡ ತಕರಾರು ಆಮೇಲಿನದು. ಇಂಜಿನಿಯರಿಗೆ ವರ್ಗವಾಗುತ್ತದೆ, ಮಗು ಹುಟ್ಟುತ್ತದೆ, ಬರುವುದು ನಿಲ್ಲುತ್ತದೆ. ತಪ್ಪೇನಿಲ್ಲ. ಆದರೆ ಫಿಲ್ಟರ್ ಕಟ್ಟಿಕೊಂಡಾಗ ಬಿಚ್ಚಿ ತೊಳೆಯುವುದು ಹೇಗೆ, ಯಾವ ವಾಲ್ವ್ ಯಾವ ಸಾಲಿನದು ಅಂತ ತೋಟದವರಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು. ನೆಲದಡಿ ಪೈಪು ಎಲ್ಲಿ ಹೋಗಿದೆ ಅನ್ನುವ ಒಂದು ಚಿತ್ರ ಗುದ್ದಲಿ ಇಡುವ ಕೋಣೆಯ ಗೋಡೆ ಮೇಲೆ ಇರಲಿ. ಪಕ್ಕದ ಅಂಗಡಿಯಲ್ಲಿ ಸಿಗದ ಬಿಡಿಭಾಗ ಹಾಕಲೇಬೇಡಿ.

ಉದ್ಘಾಟನೆಗೆ ನೀವು ಬರದಿದ್ದರೂ ನಡೆಯುತ್ತದೆ. ಮೊದಲ ಜೋರು ಮಳೆ ಬಂದಾಗ ಮಾತ್ರ ಕೊಡೆ ಹಿಡಿದು ಬನ್ನಿ. ನೀರು ಎಲ್ಲಿ ನಿಲ್ಲುತ್ತಿದೆ, ಯಾವ ಮಡಿ ಕೊಚ್ಚಿಹೋಗುತ್ತಿದೆ ಅಂತ ಅವತ್ತೇ ಸರಿಯಾಗಿ ಕಾಣುವುದು.