ಸನಾದಿ ಅಜ್ಜನಿಗೂ ವೇದಿಕೆ ಮೇಲೊಂದು ಕುರ್ಚಿ ಹಾಕಿ

ರಾತ್ರಿ ಒಂದೂವರೆಗೆ ಮನೆಗೆ ಬಂದೆ. ನಿದ್ದೆ ಹತ್ತುತ್ತಿಲ್ಲ. ಬರೆದುಬಿಟ್ಟರೆ ಸ್ವಲ್ಪ ಸಮಾಧಾನ ಆದೀತು ಅಂತ ಕೂತಿದ್ದೇನೆ.

ಕೊಪ್ಪಳದ ಹತ್ತಿರದ ಒಂದೂರಿನ ಜಾತ್ರೆಗೆ ಹೋಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ, ನನ್ನ ಸಿಟ್ಟು ಆ ಊರಿನ ಮೇಲಲ್ಲ. ಸಂಜೆ ಮೆರವಣಿಗೆಯಲ್ಲಿ ಕರಡಿ ಮಜಲಿನವರು ಇದ್ದರು, ಅಂದರೆ ಕರಡಿ ಅನ್ನುವ ಚರ್ಮವಾದ್ಯ, ಶಹನಾಯಿಯಂಥ ಸನಾದಿ ನುಡಿಸುವ ಮೇಳದವರು. ಐದಕ್ಕೆ ಶುರು ಮಾಡಿದವರು ಎಂಟರವರೆಗೆ ಧೂಳಲ್ಲಿ ನಡೆಯುತ್ತಲೇ ನುಡಿಸಿದರು. ಸನಾದಿ ಹಿಡಿದ ಅಜ್ಜನಿಗೆ ಎಪ್ಪತ್ತು ದಾಟಿರಬೇಕು. ಕೆನ್ನೆ ಉಬ್ಬಿಸಿಕೊಂಡೇ ಮೂಗಿನಿಂದ ಉಸಿರು ಎಳೆಯುತ್ತಿದ್ದರು, ಸ್ವರ ಒಂದು ಕ್ಷಣವೂ ಕಡಿಯಲಿಲ್ಲ. ನಾನು ಮೆರವಣಿಗೆ ಬಿಟ್ಟು ಅವರ ಪಕ್ಕಕ್ಕೇ ನಡೆದೆ.

ಒಂಬತ್ತೂವರೆಗೆ ವೇದಿಕೆ ಕಾರ್ಯಕ್ರಮ. ದೊಡ್ಡ ಊರಿಂದ ಬಂದ ಬ್ಯಾಂಡ್. ಹುಡುಗರು ಚೆನ್ನಾಗಿಯೇ ಹಾಡಿದರು, ಸುಳ್ಳು ಹೇಳುವುದಿಲ್ಲ. ಆದರೆ ನಾನು ನಿಂತಿದ್ದು ಸೌಂಡ್ ಮಿಕ್ಸರ್ ಪಕ್ಕ. ಅಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಮಧ್ಯದಲ್ಲಿ ಡ್ರಮ್ಸ್ ಹುಡುಗ ಕಡ್ಡಿ ಕೆಳಗಿಟ್ಟು ನೀರು ಕುಡಿದ. ಡ್ರಮ್ಸ್ ನಿಲ್ಲಲಿಲ್ಲ. ಆಮೇಲೆ ಒಂದು ಜಾನಪದ ಗೀತೆ ಶುರುವಾಯಿತು, ಅದರ ನಡುವೆ ಶಹನಾಯಿ ಬಂತು. ಅದೂ ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್!

ವೇದಿಕೆ ಹಿಂದೆ ಹೋದೆ. ಜನರೇಟರ್ ಪಕ್ಕ ಅದೇ ಅಜ್ಜ ಕೂತು ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದರು. ಸನಾದಿ ಚೀಲದಲ್ಲಿತ್ತು. ಎಡಗೈ ಬೆರಳು ಮಾತ್ರ ಮೊಣಕಾಲ ಮೇಲೆ ಆ ಟ್ರ್ಯಾಕಿನ ಜೊತೆ ಓಡುತ್ತಿದ್ದವು. "ಅಜ್ಜಾರ, ಈ ಹಾಡು ನಿಮಗ ಬರ್ತದೇನ್ರಿ?" ಅಂದೆ. "ಬರ್ತೈತಿ ತಮ್ಮಾ. ಯಾರರೆ ಕರದ್ರ ನುಡಸ್ತಿದ್ದೆ" ಅಂದರು.

ಯಾಕೆ ಕರೆಯಲಿಲ್ಲ? ಹತ್ತು ಹೆಜ್ಜೆ ದೂರದಲ್ಲಿ ಮನುಷ್ಯ ಕೂತಿದ್ದಾನೆ, ಲ್ಯಾಪ್‌ಟಾಪಿನಿಂದ ಶಹನಾಯಿ ಯಾಕೆ?

ನಾನು ಯೂಟ್ಯೂಬಿನಲ್ಲಿ ಮತ್ತೆ ಮತ್ತೆ ನೋಡುವ ಒಂದು ಉತ್ಸವ ಇದೆ. ನೈಟ್ ಆಫ್ ದ ಪ್ರಾಮ್ಸ್. 1985ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಶುರುವಾಗಿದ್ದು, 1994ರಿಂದ ಜರ್ಮನಿಗೂ ಹೋಯಿತು. ಅಲ್ಲಿ ಪಾಪ್ ಗಾಯಕರ ಹಿಂದೆ ಪೂರ್ತಿ ಆರ್ಕೆಸ್ಟ್ರಾ ಕೂರುತ್ತದೆ. ಪಿಟೀಲು, ಚೆಲ್ಲೊ, ಕೊಂಬು, ಕೊಳಲು, ಜೊತೆಗೆ ಗಿಟಾರ್ ಮತ್ತು ಡ್ರಮ್ಸ್. ಒಂದು ಬೀಥೊವನ್ ಆದ ಮೇಲೆ ಒಂದು ರಾಕ್ ಹಾಡು. ಜಾನ್ ಮೈಲ್ಸ್ ಅಂತ ಒಬ್ಬರು ತಮ್ಮ 1976ರ 'ಮ್ಯೂಸಿಕ್' ಹಾಡನ್ನು ವರ್ಷವರ್ಷವೂ ಅಲ್ಲಿ ಹಾಡುತ್ತಿದ್ದರು. 2021ರಲ್ಲಿ ತೀರಿಕೊಂಡರು. ಆ ವಿಡಿಯೊಗಳಲ್ಲಿ ಅವರು ಪಿಯಾನೊದಲ್ಲಿ ಮೆಲ್ಲಗೆ ಶುರು ಮಾಡುತ್ತಾರೆ. ಆಮೇಲೆ ಹಿಂದಿನ ಸಾಲಿನ ಪಿಟೀಲಿನವರು ಎಲ್ಲರೂ ಒಟ್ಟಿಗೆ ಕಮಾನು ಎತ್ತುತ್ತಾರೆ. ಪ್ರತಿ ಸಲ ನನಗೆ ಮೈ ಜುಮ್ ಅನ್ನುತ್ತದೆ.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಏನು ಅಂತ ನಿಮಗೆ ಗೊತ್ತು. ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್, ಇಬ್ಬರು ಹಾಡುವವರು, ಸಿನಿಮಾ ಹಾಡು. ಅದನ್ನು ನಾನು ಕೀಳಾಗಿ ನೋಡುವುದಿಲ್ಲ, ಅದನ್ನೇ ಕೇಳಿ ಬೆಳೆದವನು. ಆದರೆ ಆ ಕೀಬೋರ್ಡ್ ಪಕ್ಕ ಸನಾದಿಗೆ, ಕರಡಿಗೆ, ಹಲಗೆಗೆ ಜಾಗ ಯಾಕಿಲ್ಲ? ಬೀದಿಗೆ ಅವರು, ವೇದಿಕೆಗೆ ಇವರು. ಈ ಗೆರೆ ಎಳೆದವರು ಯಾರು?

ದುಡ್ಡು ಎಲ್ಲಿಂದ ತರೋದು ಅನ್ನುತ್ತೀರಿ. ಎಪ್ಪತ್ತು ಜನರ ಆರ್ಕೆಸ್ಟ್ರಾ ಬೇಕು ಅಂತ ನಾನು ಹೇಳಿಲ್ಲವಲ್ಲ. ಮೆರವಣಿಗೆಗೆ ಹೇಗೂ ಕರೆಸಿದ ಆರು ಜನ ಅಲ್ಲೇ ಇದ್ದರು. ಶ್ರುತಿ ಕೂಡುವುದಿಲ್ಲ ಅಂತ ಒಬ್ಬ ಗೆಳೆಯ ಹೇಳಿದ. ಸನಾದಿಯ ಶ್ರುತಿ ಬದಲಾಗುವುದಿಲ್ಲ, ನಿಜ. ಕೀಬೋರ್ಡಿನದು ಬದಲಾಗುತ್ತದಲ್ಲ! ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಆಯಿತು. ಗಿಟಾರಿನವನು ಕೇಪೊ, ಅಂದರೆ ಶ್ರುತಿ ಏರಿಸುವ ಕ್ಲಿಪ್, ಹಾಕಿಕೊಳ್ಳಲಿ. ಒಂದು ಮಧ್ಯಾಹ್ನ ಕೂತು ನಾಲ್ಕು ಹಾಡು ಕೂಡಿಸಿಕೊಂಡರೆ ಸಾಕು. ಕಷ್ಟ ಇರುವುದು ಶ್ರುತಿಯಲ್ಲಲ್ಲ, ಅಜ್ಜನನ್ನು ಮೇಲೆ ಕರೆಯುವುದರಲ್ಲಿ.

ಇದನ್ನು ಹೇಳುವ ಹಕ್ಕು ನನಗೆ ಪೂರ್ತಿ ಇಲ್ಲ. ಅಪ್ಪ ಬಳ್ಳಾರಿಯ ಬ್ಯಾಂಡ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಕ್ಲಾರಿನೆಟ್ ನುಡಿಸಿದವರು, ನಿಮಗೆ ಗೊತ್ತೇ ಇದೆ. ತಂಗಿ ಮದುವೆಗೆ ನಾನು ಡಿಜೆ ತರಿಸಿದೆ. ಅಪ್ಪನ ಹಳೆ ಜೊತೆಗಾರರು ಸುಮ್ನೆ ಊಟಕ್ಕೆ ಬಂದು ಹೋದರು. ಅಪ್ಪ ಏನೂ ಅನ್ನಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕ್ಲಾರಿನೆಟ್ ಪೆಟ್ಟಿಗೆ ಬಿಚ್ಚಿ, ಕೀಲುಗಳನ್ನು ಒಂದೊಂದೇ ಒರೆಸುತ್ತಾ ಕೂತಿದ್ದರು. ನಿನ್ನೆ ಆ ಅಜ್ಜನ ಬೆರಳು ನೋಡಿದಾಗ ನೆನಪಾಗಿದ್ದು ಅದೇ.

ಅಜ್ಜನ ಫೋನ್ ನಂಬರ್ ತಂದಿದ್ದೇನೆ. ನಮ್ಮ ಓಣಿಯ ಗಣಪತಿ ಕಮಿಟಿಯವರ ಹತ್ತಿರ ಮಾತಾಡಿದ್ದೇನೆ, ಒಂದು ಗಂಟೆ ಕೊಡುತ್ತೇವೆ ಅಂದಿದ್ದಾರೆ. ಗಂಗಾವತಿಯ ಕೀಬೋರ್ಡ್ ಹುಡುಗ ಬರುತ್ತಾನೆ. ಅಪ್ಪನನ್ನು ಇನ್ನೂ ಕೇಳಿಲ್ಲ, ಬೆಳಿಗ್ಗೆ ಕೇಳುತ್ತೇನೆ. ಬೇಸ್ ಗಿಟಾರ್ ನುಡಿಸುವವರು ಒಬ್ಬರು ಬೇಕು. ಹೊಸಪೇಟೆ, ಸಿಂಧನೂರು ಕಡೆ ಯಾರಾದರೂ ಗೊತ್ತಿದ್ದರೆ ಹೇಳಿ. ಬಸ್ ಚಾರ್ಜು, ಊಟ ನನ್ನದು. ಟ್ರ್ಯಾಕ್ ಮಾತ್ರ ತರಬೇಡಿ.