ಮಲೆನಾಡಿನ ಕಾಡು ಕಡಿದವರು ಊರಿನವರೇನಾ? ಪರ-ವಿರೋಧ

ಪರ: ಹೌದು, ನಾವೇ

"ಪಾಪ, ಹೊಟ್ಟೆಪಾಡಿಗೆ ಕಡಿದರು" ಅನ್ನುವ ಮಾತು ಸಾಕು. ಇವತ್ತು ಮಲೆನಾಡಿನ ಕಾಡಿಗೆ ಕುತ್ತು ತಂದಿರುವುದು ಅಡಿಕೆ ರೇಟು. ಹೇಗೆ ಅಂತ ಇಲ್ಲಿನವರಿಗೆ ಹೇಳಿಕೊಡಬೇಕಾ? ಮೊದಲು ಕುರುಚಲು ಸವರುತ್ತಾರೆ. ದೊಡ್ಡ ಮರಕ್ಕೆ ಕೊಡಲಿ ಹಾಕುವುದಿಲ್ಲ, ಸದ್ದಾದರೆ ಕೇಸು. ಬುಡದ ಸುತ್ತ ತೊಗಟೆ ಸುಲಿದು ಸುಮ್ನೆ ಬಿಟ್ಟರೆ ಮರ ನಿಂತಲ್ಲೇ ಒಣಗುತ್ತದೆ, ಆಮೇಲೆ ಜೆಸಿಬಿ ಬಂದು ಅಗಳ, ಅಂದರೆ ಗಡಿಯ ಕಂದಕ, ಹೊಡೆಯುತ್ತದೆ, ಅದರಾಚೆ ಅಡಿಕೆ ಸಸಿ ಏಳುತ್ತದೆ. ಬೇಲಿ ವರ್ಷವರ್ಷ ಮುಂದೆ ಸರಿಯುತ್ತಲೇ ಇರುತ್ತದೆ.

ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಕಾಡನ್ನು 'ಬೆಟ್ಟ' ಅಂತ ಬಿಟ್ಟುಕೊಟ್ಟಿದ್ದು ತೋಟಕ್ಕೆ ಬೇಕಾದ ಸೊಪ್ಪಿಗೆ, ದರಕಿಗೆ (ಒಣಗಿದ ಎಲೆಗೆ). ಈಗ ಕೆಲವು ಕಡೆ ಬೆಟ್ಟದಲ್ಲೇ ತೋಟ ಎದ್ದಿದೆ! ಇದನ್ನು ಯಾವ ಹೊರಗಿನವನು ಬಂದು ಮಾಡಿದ?

ವಿರೋಧ: ಅಷ್ಟು ಸಲೀಸಾಗಿ ಹೇಳಬೇಡಿ

ಮಲೆನಾಡಿನಲ್ಲಿ ಒಂದೇ ಏಟಿಗೆ ಜಾಸ್ತಿ ಕಾಡು ಹೋಗಿದ್ದು ಸರ್ಕಾರದ ಯೋಜನೆಗಳಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿ ಕಣಿವೆಯ ಗದ್ದೆ, ತೋಟ, ಮನೆ ಎಲ್ಲ ನೀರಿನಡಿ ಹೋದವು. ಮುಳುಗಡೆಯ ಎಷ್ಟೋ ಮಂದಿಯನ್ನು ತಂದು ಬಿಟ್ಟಿದ್ದೇ ಕಾಡಿನ ಜಾಗಕ್ಕೆ. ಅವರು ಮರ ಕಡಿಯದೆ ಏನು ತಿನ್ನಬೇಕಿತ್ತು? ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ.

ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅದಿರು ತೆಗೆದರು. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಲೀಸಿಗೆ ಸಾವಿರಾರು ಹೆಕ್ಟೇರ್ ಅರಣ್ಯ ಜಾಗ ಕೊಟ್ಟು, ಅಕೇಶಿಯಾ, ನೀಲಗಿರಿ ನೆಡಿಸಿದರು. ಅದೆಲ್ಲ ದಾಖಲೆಯಲ್ಲಿ ಈಗಲೂ 'ಅರಣ್ಯ'ವೇ, ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಇನ್ನು ಕಾನೂನು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೂ ಹಿಂದಿನ 75 ವರ್ಷ ಅಲ್ಲೇ ಇದ್ದೆವು ಅಂತ ತೋರಿಸಬೇಕು. ಅಂದರೆ 1930ರ ಪುರಾವೆ. ಸೋಗೆ ಮನೆಯಲ್ಲಿದ್ದ ಅಜ್ಜ ಯಾವ ರಸೀದಿ ಜೋಪಾನ ಮಾಡಿಟ್ಟಿರುತ್ತಾನೆ? ಬಗರ್ ಹುಕುಂ (ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಾಗದ ಸಕ್ರಮ) ಅರ್ಜಿಯಲ್ಲೂ ನೋಡುವುದು ಸಾಗುವಳಿ ಮಾಡಿದ್ದೀಯಾ ಅಂತ, ಮರ ಉಳಿಸಿದ್ದಕ್ಕೆ ಅಲ್ಲಿ ಕಾಲಂ ಇಲ್ಲ. ನಾಳೆ ಜಾಗ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಬೇಗ ಬೇಗ ಸವರಿ ಸಸಿ ನೆಟ್ಟು ಕೂರುತ್ತಾನೆ, ಪಟ್ಟಾ ಕೈಲಿದ್ದರೆ ಇರುವುದನ್ನೇ ನೋಡಿಕೊಂಡಿರುತ್ತಿದ್ದ.

ಹತ್ತಿಪ್ಪತ್ತು ಎಕರೆ ನುಂಗಿದವನ ಪರ ನಾನಿಲ್ಲ, ಅವನನ್ನು ಎಬ್ಬಿಸಿ. ಆದರೆ ತೆರವಿನ ನೋಟಿಸು ಮೊದಲು ಬರುವುದು ಒಂದೂವರೆ ಎಕರೆಯವನ ಬಾಗಿಲಿಗೇ ಅಲ್ವಾ?