ಕಿರುಬೆರಳಿನ ಪಾಲು

ತುಮಕೂರಿನಲ್ಲಿ ಉಪನೋಂದಣಿ ಕಚೇರಿಯ ಆಸುಪಾಸಿನ ಟೈಪಿಂಗ್ ಅಂಗಡಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕ್ರಯಪತ್ರ, ದಾನಪತ್ರಗಳು ಸಿದ್ಧವಾಗುತ್ತಲೇ ಇರುತ್ತವೆ. ಅಣ್ಣತಮ್ಮಂದಿರಿಗೆ ಗುಂಟೆ ಲೆಕ್ಕದಲ್ಲಿ ಸಮಪಾಲು ಹಂಚುವ ವಿಭಾಗಪತ್ರವನ್ನು ಟೈಪ್ ಮಾಡುವ ಕೈಯಲ್ಲೇ ಐದು ಬೆರಳುಗಳ ನಡುವಿನ ಪಾಲು ಸರಿಯಾಗಿ ಆಗಿಲ್ಲ; ಹೊರೆಯೆಲ್ಲ ಎಡಗೈಯ ಕಿರುಬೆರಳಿನ ಮೇಲೆ ಬಿದ್ದಿದೆ.

ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬಳಕೆಯಾಗುವ ಕೀಲಿಮಣೆಯಲ್ಲಿ ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಬೇಕು. ‘ಖಾತಾ’ ಎಂದು ಮೂಡಿಸಲು ನಾಲ್ಕು ಕೀಲಿ ಒತ್ತಿದರೆ ಅವುಗಳಲ್ಲಿ ಮೂರಕ್ಕೆ ಶಿಫ್ಟ್ ಹಿಡಿದಿರಬೇಕು, ಮತ್ತು ಖಾತಾ ಎಂಬ ಪದವಿಲ್ಲದೆ ನಮ್ಮ ಜಿಲ್ಲೆಯಲ್ಲಿ ಒಂದು ಸೈಟೂ ಕೈ ಬದಲಾಗುವುದಿಲ್ಲ. ಇಲ್ಲಿ ದೀರ್ಘಕ್ಕೆ ಬೇಕಾದ ಇಂಗ್ಲಿಷಿನ ‘ಎ’ (A) ಕೀಲಿಯೂ ಎಡ ಕಿರುಬೆರಳಿನದೇ ಆದ್ದರಿಂದ, ಅದು ಶಿಫ್ಟ್ ಕಾಯುತ್ತಿರುವಾಗ ಪಕ್ಕದ ಉಂಗುರ ಬೆರಳು ಅದರ ಮೇಲೆ ಹಾದುಹೋಗಿ ‘ಎ’ ಒತ್ತುತ್ತದೆ; ಆಗ ಮಣಿಕಟ್ಟು ಹೊರಗಡೆಗೆ ಸೊಟ್ಟಗಾಗುತ್ತದೆ. ಬಲಗಡೆಯೂ ಒಂದು ಶಿಫ್ಟ್ ಇದೆಯಲ್ಲ ಎನ್ನಬಹುದು. ಇದೆ; ಎಡಗಡೆಯ ಶಿಫ್ಟ್ ಸವೆದು ಅಕ್ಷರವೇ ಅಳಿಸಿಹೋಗಿರುವ ಕೀಲಿಮಣೆಯಲ್ಲಿ ಅದು ಅಂಗಡಿಯಿಂದ ತಂದ ದಿನದಂತೆಯೇ ಇದೆ. ‘ಎ’ಗೆ ಬಲ ಶಿಫ್ಟ್, ‘ಕೆ’ಗೆ ಎಡ ಶಿಫ್ಟ್ ಎಂದು ಅಭ್ಯಾಸ ಮಾಡಿಕೊಂಡರೆ ಅರ್ಧ ನೋವು ಅಲ್ಲೇ ಇಳಿಯುತ್ತದೆಂಬುದು ನನ್ನ ಅಭಿಪ್ರಾಯ. ಶಿಫ್ಟನ್ನು ಐದು ಸಲ ಒತ್ತಿದಾಗ ವಿಂಡೋಸ್ ಕೇಳುವ ‘ಸ್ಟಿಕಿ ಕೀಸ್’ ಪ್ರಶ್ನೆಗೆ ನಾವೆಲ್ಲರೂ ಸಿಡುಕಿ ‘ನೋ’ ಎನ್ನುತ್ತೇವೆ; ಆದರೆ ಕೀಲಿಯನ್ನು ಹಿಡಿದೇ ಇರಬೇಕಾದ ಕಷ್ಟವನ್ನು ತಪ್ಪಿಸಲೆಂದೇ ಆ ಸೌಲಭ್ಯವಿರುವುದು.

ನೋವು ಕಾಣಿಸಿಕೊಂಡಲ್ಲಿ ಲಕ್ಕಿಸೊಪ್ಪಿನ ನೀರಿನ ಶಾಖ ಕೊಟ್ಟು ಬೆರಳುಗಳನ್ನು ನೀವಿಕೊಳ್ಳುವವರಿದ್ದಾರೆ. ಬಿಸಿ ಹಿತವಾಗುತ್ತದೆ, ಬೇಡವೆನ್ನಲಾರೆ. ಆದರೆ ಬೆರಳುಗಳೊಳಗೆ ಸ್ನಾಯುಗಳೇ ಇಲ್ಲ. ಅವುಗಳನ್ನು ಮಡಿಸುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿದ್ದು, ಅಲ್ಲಿಂದ ಹೊರಟ ಒಂಬತ್ತು ಸ್ನಾಯುರಜ್ಜುಗಳು ಒಂದು ನರದೊಡನೆ ಮಣಿಕಟ್ಟಿನ ಕಿರಿದಾದ ಹಾದಿಯಲ್ಲಿ ನುಸುಳಿ ಬರುತ್ತವೆ. ಹೀಗಾಗಿ ನೀವಬೇಕಾದದ್ದು ಮೊಣಕೈಯಿಂದ ಕೆಳಗಿನ ಮಾಂಸಲ ಭಾಗವನ್ನು, ನೇರವಾಗಿಡಬೇಕಾದದ್ದು ಮಣಿಕಟ್ಟನ್ನು. ಮೇಜಿನ ಚೂಪು ಅಂಚಿಗೆ ಮಣಿಕಟ್ಟನ್ನು ಆನಿಸಿಟ್ಟು, ತಗ್ಗಾದ ಪ್ಲಾಸ್ಟಿಕ್ ಕುರ್ಚಿಯಿಂದ ಭುಜ ಎತ್ತಿಕೊಂಡು ಟೈಪ್ ಮಾಡುವುದು ನಮ್ಮ ಅಂಗಡಿಗಳ ಸಂಪ್ರದಾಯ. ಕುರ್ಚಿಯ ಮೇಲೊಂದು ದಪ್ಪ ದಿಂಬು ಹಾಕಿಕೊಂಡು ಮೊಣಕೈಯನ್ನು ಕೀಲಿಮಣೆಯ ಮಟ್ಟಕ್ಕೆ ತಂದುಕೊಂಡರೆ ಭುಜವೂ ಇಳಿಯುತ್ತದೆ. ಪ್ರತಿ ಪತ್ರ ಮುದ್ರಣಕ್ಕೆ ಹೋದಾಗ ಸಿಗುವ ಬಿಡುವಿನಲ್ಲಿ ಮೊಬೈಲ್ ಹಿಡಿಯದೆ ಕೈ ಇಳಿಬಿಟ್ಟು ಎದ್ದು ನಿಲ್ಲಬಹುದು, “ಬೇಗ ಮಾಡ್ಕೊಡಿ ಸಾರ್, ಸಾಹೇಬ್ರು ಊಟಕ್ಕೆದ್ದುಬಿಡ್ತಾರೆ” ಎಂದು ಪಕ್ಷಗಾರರು ಎಷ್ಟೇ ಅವಸರಿಸಿದರೂ.

ದಣಿವು ಬೇರೆ, ಜೋಮು ಬೇರೆ. ರಾತ್ರಿ ನಿದ್ದೆಯಿಂದ ಎಬ್ಬಿಸಿ ಕೈ ಕೊಡವುವಂತೆ ಮಾಡುವ ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿದ್ದರೆ ಮಣಿಕಟ್ಟಿನ ನರ ಒತ್ತಡಕ್ಕೆ ಸಿಕ್ಕಿರಬಹುದು. ಅದಕ್ಕೆ ಎಣ್ಣೆ, ಮುಲಾಮು ಸಾಲದು, ವೈದ್ಯರನ್ನು ಕಾಣಬೇಕು. ಮಲಗುವಾಗ ಮಣಿಕಟ್ಟು ಮಡಿಯದಂತೆ ತಡೆಯುವ ಪಟ್ಟಿಯೊಂದನ್ನು ಅವರು ಮೊದಲು ಸೂಚಿಸುವುದುಂಟು. ಜೋಮು ಹಿಡಿದಿರುವುದು ಕಿರುಬೆರಳಿಗಾದರೆ ಆ ನರದ ಹಾದಿಯೇ ಬೇರೆ, ಅದು ಮೊಣಕೈಯ ಹಿಂಬದಿಯಿಂದ ಬರುತ್ತದೆ. ಹಾಗಾಗಿ ಇಡೀ ದಿನ ಮೊಣಕೈಯನ್ನು ಗಾಜಿನ ಮೇಜಿಗೆ ಊರಿಕೊಂಡು ಕೂರುವ ಅಭ್ಯಾಸವಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.